ಬೀಡಿ ಬಿಟ್ಟವರು, ಬಿಸಿನೀರು ಬಿಟ್ಟವರು

ಆ ದಿನ ನಾನು ‘ಉಸಿರು’ ಎಂದೆನೋ ‘ದಮ್’ ಎಂದೆನೋ, ಬಹಳ ಕಾಲ ನನಗೇ ಖಚಿತವಿರಲಿಲ್ಲ. ಕರಿಯಣ್ಣನವರ ಪ್ರಕಾರ ನಾನು ಹೇಳಿದ್ದು ‘ದಮ್’. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಫಿಸಿಯೋಥೆರಪಿ ಓದಿದವನು ಹಾಗೆ ಹೇಳಿರಲಾರೆ ಎಂಬುದು ನನ್ನ ವಾದ. ಆದರೆ ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅಂಥ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಕೋವಿಡ್ ಗಲಾಟೆ ಮುಗಿದ ಮರುವರ್ಷದ ಚಳಿಗಾಲ. ಮೈಸೂರಿನವನಾದ ನಾನು ಹಿರಿಯೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಹರಿಯಬ್ಬೆ ಕಡೆಯ ಕುರಿಗಾಹಿ ಕರಿಯಣ್ಣ, ವಯಸ್ಸು ಐವತ್ತೆಂಟು, ಹರ್ನಿಯಾ ಆಪರೇಷನ್ನಿಗೆಂದು ಬಂದರು. ಹೊಟ್ಟೆಯ ಗೋಡೆ ಸಡಿಲವಾದ ಕಡೆ ಕರುಳು ಉಬ್ಬಿ ಬರುವುದೇ ಹರ್ನಿಯಾ. ಭಾರ ಎತ್ತುವಂತಿಲ್ಲ. ಒಂದು ವರ್ಷದಿಂದ ಅವರು ಒಂದು ಕುರಿಮರಿಯನ್ನೂ ಎತ್ತಿಕೊಂಡಿರಲಿಲ್ಲ. ಅದನ್ನು ಹೇಳುವಾಗ ಮುಖ ಆಚೆ ತಿರುಗಿಸಿದ್ದರು.

ಅರಿವಳಿಕೆ ತಜ್ಞರು ಅವರ ಎದೆಯ ಸದ್ದು ಕೇಳಿ ಒಪ್ಪಲಿಲ್ಲ. ಬೀಡಿಯ ಕೆಮ್ಮು. ಆಪರೇಷನ್ ಆದ ಮೇಲೆ ಹೀಗೇ ಕೆಮ್ಮಿದರೆ ಹೊಲಿಗೆ ನಿಲ್ಲದು. ಬೀಡಿ ಬಿಟ್ಟು, ಉಸಿರಾಟದ ವ್ಯಾಯಾಮ ಮಾಡಿಕೊಂಡು ಬರಲಿ, ಆಮೇಲೆ ನೋಡೋಣ ಎಂದು ನನ್ನ ಬಳಿ ಕಳಿಸಿದರು.

ನಾನು ಸ್ಪೈರೋಮೀಟರ್ ಕೊಟ್ಟೆ. ಅದು ಮೂರು ಕೋಣೆಗಳ ಪ್ಲಾಸ್ಟಿಕ್ ಡಬ್ಬಿ. ಕೊಳವೆ ಬಾಯಲ್ಲಿಟ್ಟು ಉಸಿರು ಒಳಗೆಳೆದರೆ ಅದರೊಳಗಿನ ಮೂರು ಚೆಂಡುಗಳು ಒಂದೊಂದಾಗಿ ಮೇಲೇಳಬೇಕು. ಕರಿಯಣ್ಣ ಎಳೆದಾಗ ಒಂದು ಚೆಂಡು ಅರ್ಧ ಎದ್ದು ಬಿತ್ತು.

“ಇದು ನಮ್ಮ ಮುದಿ ಟಗರಿನಂಗೆ ಐತಲ್ರಿ,” ಎಂದರು. “ಎಬ್ಬಿಸಿದ್ರೂ ಮಲಗ್ತೈತೆ.”

ಮನೆಯಲ್ಲಿ ದಿನಾ ಮಾಡಬೇಕಾದ ವ್ಯಾಯಾಮವನ್ನು ಬಾಯಲ್ಲಿ ಹೇಳಿ, ಕಾರ್ಡಿನಲ್ಲೂ ಬರೆದುಕೊಟ್ಟೆ. ನೀವೂ ಇದನ್ನೆಲ್ಲ ಮಾಡುತ್ತೀರಾ ಎಂದು ಅವರು ಕೇಳಿದರು. ಮಾಡುತ್ತೇನೆ, ತಣ್ಣೀರು ಸ್ನಾನವನ್ನೂ ಮಾಡುತ್ತೇನೆ ಎಂದೆ. ಇದು ಅರ್ಧ ಸುಳ್ಳು. ಆ ದಿನಗಳಲ್ಲಿ ಮೊಬೈಲ್ ತೆರೆದರೆ ಉಸಿರಾಟ ಮತ್ತು ತಣ್ಣೀರಿನ ಮಹಿಮೆಯೇ ಕಾಣುತ್ತಿತ್ತು. ತಣ್ಣೀರಿನದೆಲ್ಲ ಪೊಳ್ಳು ಎಂದು ತೋರಿಸಲು ನಾನೇ ಶುರುಮಾಡಿ, ಸ್ನಾನಕ್ಕೆ ಮೊದಲೂ ಆಮೇಲೂ ನಾಡಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಐದನೆಯ ದಿನ ಗೀಜರ್ ಹಾಕಿದೆ. ಆ ದಿನದ ಪುಟ ಖಾಲಿ ಇದೆ.

ಹತ್ತು ದಿನ ಬಿಟ್ಟು ಕರಿಯಣ್ಣ ಹೆಂಡತಿ ಗಂಗಮ್ಮನ ಜೊತೆ ಬಂದರು. ಬಾಗಿಲಲ್ಲೇ ಬೀಡಿ ವಾಸನೆ ಹೊಡೆಯಿತು. ಚೆಂಡು ಅಲುಗಲೂ ಇಲ್ಲ. ವ್ಯಾಯಾಮ ಮಾಡಲಿಲ್ಲವೇ ಎಂದೆ.

“ಒಂದಿನಾನೂ ತಪ್ಪಿಸಿಲ್ರಿ. ದಿನಕ್ಕೆ ಹತ್ತು ಸಲ ದಮ್ ಎಳ್ದು, ಐದು ಎಣಿಸಾವರ್ಗೂ ಒಳಗೇ ಹಿಡ್ಕಂಡು, ಮೆಲ್ಲಗೆ ಬಿಟ್ಟೀನಿ. ನೀವು ಹೇಳಿದಂಗೇ.”

“ಏನು ಎಳೆದಿರಿ?”

“ಬೀಡಿ.”

ದಮ್ ಎಂದರೆ ಉಸಿರೂ ಹೌದು, ಆದರೆ ಈ ಕಡೆ ಬೀಡಿ ಸೇದುವುದಕ್ಕೆ ದಮ್ ಎಳೆಯುವುದು ಎನ್ನುತ್ತಾರೆ. ಅರಿವಳಿಕೆ ಡಾಕ್ಟರು ಬೀಡಿ ಬಿಡಿ ಎಂದಿದ್ದರಲ್ಲ ಎಂದೆ. “ಇಬ್ರು ಡಾಕ್ಟ್ರು ಎರಡು ಥರ ಹೇಳಿದ್ರಿ. ನನಗೆ ಸರಿ ಕಂಡಿದ್ದು ಹಿಡ್ಕಂಡೆ,” ಎಂದರು ಕರಿಯಣ್ಣ. ಕಾರ್ಡಿನಲ್ಲೂ ಹಾಗೇ ಬರೆದಿದೆ ಎಂದು ಗಂಗಮ್ಮ ದನಿಗೂಡಿಸಿದರು. ಕಾರ್ಡು ಮಾತ್ರ ಮನೆಯಲ್ಲಿತ್ತು. ನಾನು ‘ಉಸಿರು’ ಎಂದೇ ಹೇಳಿದ್ದೆ ಎಂದು ವಾದಿಸಿದೆ. “ಉಸ್ರು ಅಂದಿದ್ರೆ ನಮಗೂ ತಿಳೀತಿತ್ತಲ್ರಿ,” ಎಂದು ಆಕೆ ನಕ್ಕರು. ನಾನೂ ನಕ್ಕೆ. ಕರಿಯಣ್ಣ ಕೆಮ್ಮಿ ಕೆಮ್ಮಿ ನಕ್ಕರು.

ನಗು ನಿಂತ ಮೇಲೆ ಅವರು ನನ್ನನ್ನು ದಿಟ್ಟಿಸಿ ಕೇಳಿದರು, ತಣ್ಣೀರು ನಿಜವಾಗಿಯೂ ದಿನಾ ಹುಯ್ಕೊಳ್ಳುತ್ತೀರಾ ಎಂದು. ಗೀಜರಿನ ವಿಷಯ ಒಪ್ಪಿಕೊಳ್ಳಬೇಕಾಯಿತು.

“ಹಂಗಾದ್ರೆ ಒಂದ್ ಮಾತು. ನಾನು ಬೀಡಿ ಬಿಡ್ತೀನಿ, ನೀವು ಬಿಸ್ನೀರು ಬಿಡ್ರಿ. ಆಪರೇಷನ್ ಆಗಾವರ್ಗೂ.”

ಮಾತು ಕೊಟ್ಟೆ. ಉಸಿರು ಬಿಡುವ ವ್ಯಾಯಾಮಕ್ಕೆ ಅವರೇ ದಾರಿ ತೋರಿಸಿದರು. ದಿಬ್ಬದ ಮೇಲೆ ನಿಂತು ಕುರಿಗಳನ್ನು ಕರೆಯುವ ಉದ್ದನೆಯ ಕೂಗು ಅವರಿಗೆ ಬರುತ್ತಿತ್ತು. ದಿನಾ ಅದನ್ನೇ ಇನ್ನಷ್ಟು ಉದ್ದ ಮಾಡಿ ಎಂದೆ. ಕುರಿಗಳು ಹತ್ತಿರವೇ ಇದ್ದಾಗ ಯಾಕೆ ಕರೀತಾನೆ ಅಂತ ಊರವರು ಕೇಳಿದರೆ, ಡಾಕ್ಟ್ರು ಹೇಳಿದಾರೆ ಅಂತೀನಿ ಎಂದರು.

ಕಾವಲಿಗೆ ಹೆಂಗಸರು ನಿಂತರು. ಬೆಳಿಗ್ಗೆ ಆರಕ್ಕೆ ಗಂಗಮ್ಮನ ಫೋನು ನನ್ನ ಹೆಂಡತಿಗೆ: “ಡಾಕ್ಟ್ರು ನೀರು ಕಾಸಿಲ್ಲ ತಾನೇ, ಅಕ್ಕ?” ಆಗ ನಾನು ಬಚ್ಚಲಲ್ಲಿ ಮೊದಲ ಚೊಂಬು ಸುರಿದುಕೊಂಡು ಕೂಗುತ್ತಿದ್ದೆ. ನನ್ನ ಹೆಂಡತಿ ಫೋನನ್ನು ಬಚ್ಚಲ ಬಾಗಿಲಿಗೆ ಹಿಡಿಯುತ್ತಿದ್ದಳು. ಆ ಕಡೆಯಿಂದ ಕರಿಯಣ್ಣನ ಕುರಿ ಕೂಗು. ಒಮ್ಮೊಮ್ಮೆ ಎರಡೂ ಒಟ್ಟಿಗೆ ಕೇಳಿ, ಹೆಂಗಸರಿಬ್ಬರೂ ಮಾತಾಡಲಾಗದೆ ಫೋನಿಡುತ್ತಿದ್ದರಂತೆ. ಎದುರು ಮನೆಯವರು ನಾನು ಸಂಗೀತಕ್ಕೆ ಸೇರಿದ್ದೇನೆಯೇ ಎಂದು ವಿಚಾರಿಸಿದರು.

ಐದು ವಾರದ ಮೇಲೆ ಕರಿಯಣ್ಣ ಕೊಳವೆ ಬಾಯಲ್ಲಿಟ್ಟು ಎಳೆದರು. ಮೂರೂ ಚೆಂಡು ಎದ್ದು ನಿಂತವು. ಅರಿವಳಿಕೆ ತಜ್ಞರು ಒಪ್ಪಿದರು, ಆಪರೇಷನ್ ಸುಸೂತ್ರವಾಯಿತು. ತಣ್ಣೀರಿನಿಂದ ನನಗೆ ಏನು ಲಾಭವಾಯಿತೋ ಹೇಳಲಾರೆ. ನೋಟ್‌ಬುಕ್ಕಿನ ನಾಡಿಯ ಲೆಕ್ಕದಲ್ಲಿ ಏನೂ ಸಾಬೀತಾಗುವುದಿಲ್ಲ. ಮಾತಿನ ಗಡುವು ಮುಗಿದಿದ್ದರೂ ಈಗಲೂ ತಣ್ಣೀರೇ. ಮೊದಲ ಚೊಂಬಿಗೆ ನಗು ಬರುತ್ತದೆ, ಅಷ್ಟು ಸಾಕು.

ಅಂದಿನಿಂದ ನಾನು ಹೇಳಿದ್ದನ್ನು ರೋಗಿ ನನ್ನೆದುರೇ ಮಾಡಿ ತೋರಿಸದೆ ಮನೆಗೆ ಕಳಿಸುವುದಿಲ್ಲ. ಇನ್ನೊಬ್ಬರ ಊರಿನ ಮಾತನ್ನು ಅವರಿಗಿಂತ ಚೆನ್ನಾಗಿ ಆಡಲು ಹೋಗುವುದೂ ಇಲ್ಲ.

ಕಳೆದ ತಿಂಗಳು ಹರಿಯಬ್ಬೆ ಕಡೆ ಹೋದಾಗ ಅವರ ಮನೆಗೆ ಹೋದೆ. ಕರಿಯಣ್ಣ ಕಂಕುಳಲ್ಲೊಂದು ಮರಿ ಎತ್ತಿಕೊಂಡು ಬಂದು, “ಬರ್ರಿ, ಕುಂತ್ಕಳ್ರಿ,” ಎಂದು ಅದನ್ನು ನನ್ನ ತೊಡೆಯ ಮೇಲೇ ಬಿಟ್ಟರು. ನಾನು ಆ ಹಳೆಯ ಕಾರ್ಡು ಇದೆಯೇ ಎಂದು ಕೇಳಿದೆ. ಗಂಗಮ್ಮ ಟ್ರಂಕಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಕೊಟ್ಟರು. ನೀಲಿ ಶಾಯಿ, ನನ್ನದೇ ಅಕ್ಷರ: ‘ದಮ್ ಎಳೆದು ಹಿಡಿಯುವುದು. ದಿನಕ್ಕೆ ಹತ್ತು ಸಲ. ತಪ್ಪಿಸಬಾರದು.’