ಮಾವನ ಸ್ಯಾಂಪಲ್

ನಾನು ಹುಟ್ಟಾ ಪುಕ್ಕಲಿ. ಬಸ್ಸಿನಲ್ಲಿ ಕೂತ ಮೇಲೂ ಇದು ನಮ್ಮೂರಿನ ಬಸ್ಸೇ ಹೌದಾ ಎಂದು ಮೂವರನ್ನು ಕೇಳುವವಳು. ಅಂಥವಳಿಗೆ ಕೊಯಮತ್ತೂರಿನ ಪ್ರಯೋಗಾಲಯವೊಂದರಲ್ಲಿ ಸಿಕ್ಕ ಕೆಲಸವೋ, ಇದುವರೆಗೆ ಯಾರಿಗೂ ಸಿಗದ ಪ್ರೋಟೀನುಗಳನ್ನು ಹುಡುಕುವುದು. ಅವನ್ನು ತಯಾರಿಸುವ ವಿಧಾನ ಮನುಷ್ಯನ ಜೀನುಗಳಲ್ಲಿ ಇದೆ, ಪ್ರೋಟೀನು ಮಾತ್ರ ಯಾವ ಯಂತ್ರಕ್ಕೂ ಕಂಡಿಲ್ಲ. ಎಲ್ಲೆಂದರಲ್ಲಿ ಹುಡುಕಿ ಪ್ರಯೋಜನವಿಲ್ಲ. ಯಾವ ಅಂಗದಲ್ಲಿ ಆ ಜೀನು ಕೆಲಸ ಮಾಡುತ್ತಿದೆ ಎಂದು ಮೊದಲು ನೋಡಿಕೊಂಡು ಅಲ್ಲಿ ಕೈಹಾಕಬೇಕು. ಹಾಗೆ ನೋಡಿದಾಗ ಅಂಥ ಜೀನುಗಳು ಹೆಚ್ಚು ಚುರುಕಾಗಿ ಕಂಡದ್ದು ಗಂಡಸರ ವೃಷಣದಲ್ಲಿ. ಅದನ್ನು ಯಾರು ಕೊಡುತ್ತಾರೆ?

ಆ ಹೊತ್ತಿಗೇ ಊಟಿ ಹತ್ತಿರದ ಸೋಲೂರಿನಲ್ಲಿ ಟೀ ಬೆಳೆಯುವ ನನ್ನ ಸೋದರಮಾವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ಅದು ಬೆಳೆಯದಿರಲು ವೃಷಣಗಳನ್ನು ತೆಗೆಯಬೇಕೆಂದರು ವೈದ್ಯರು. ಕೇಳಿ ನೋಡು ಎಂದರು ನನ್ನ ಮೇಲಿನವರು. ನನ್ನನ್ನು ಎತ್ತಿ ಆಡಿಸಿದ ಮಾವನನ್ನು ಅದನ್ನು ಕೇಳುವುದು ಹೇಗೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ಮರೆತುಹೋಯಿತು. ತಡವರಿಸಿ ಹೇಳಿದ್ದನ್ನು ಕೇಳಿ ಮಾವ ನಕ್ಕುಬಿಟ್ಟರು.

"ಕುಯ್ದು ಬಿಸಾಕೋದ್ ತಾನೆ? ತಕಂಡೋಗವ್ವ. ಟೀ ಎಲೆ ಆಗಿದ್ರೆ ತೂಕ ಸರಿಯಾಗ್ ಹಾಕು ಅಂತಿದ್ದೆ."

ಒಪ್ಪಿಗೆ ಪತ್ರವನ್ನು ನಾನೇ ಓದಿ ಹೇಳಿದೆ. ಏನೇ ಕಂಡುಬಂದರೂ ಕೊಟ್ಟವರಿಗಾಗಲಿ ಮನೆಯವರಿಗಾಗಲಿ ತಿಳಿಸುವುದಿಲ್ಲ ಎಂಬ ಸಾಲನ್ನೂ ಓದಿದೆ. ಮಾವ ಸಹಿ ಹಾಕಿದರು, ಅತ್ತೆ ಸಾಕ್ಷಿ ಹಾಕಿದರು.

ಊಟಿಯಲ್ಲಿ ಆಪರೇಷನ್ ಆದ ದಿನ ಸ್ಯಾಂಪಲ್ಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಘಾಟಿ ಇಳಿದೆ. ಒಳಗಿದ್ದ ಡ್ರೈ ಐಸ್ ಆವಿಯಾಗಿ ಹೋದರೆ, ಎದುರಿಗೆ ಲಾರಿ ಕೆಟ್ಟು ನಿಂತರೆ ಎಂದು ತಿರುವಿಗೊಂದು ಚಿಂತೆ. ಚಾಲಕ ಸಮಾಧಾನ ಹೇಳಿ ಹೇಳಿ ಸುಸ್ತಾಗಿ ಸುಮ್ಮನಾದ.

ಪ್ರೋಟೀನು ಹುಡುಕುವ ಮೊದಲು ಪ್ರತಿ ಸ್ಯಾಂಪಲ್ಲಿನಲ್ಲೂ ಜೀನುಗಳು ಕೆಲಸ ಮಾಡುತ್ತಿವೆಯೇ ಎಂದು ನೋಡುವುದು ನಮ್ಮ ಪದ್ಧತಿ. ಮಾವನದರಲ್ಲಿ ವೀರ್ಯಾಣು ಹುಟ್ಟಿಸುವುದಕ್ಕೆ ಸಂಬಂಧಿಸಿದ ಒಂದು ಜೀನೂ ಅಲುಗಿರಲಿಲ್ಲ. ನಾನೇ ಏನೋ ಕೆಡಿಸಿದೆ ಎಂದುಕೊಂಡು ಮತ್ತೆ ಮಾಡಿದೆ. ಮಿಕ್ಕ ಜೀನುಗಳೆಲ್ಲ ಸರಿಯಾಗಿದ್ದವು, ಇವು ಮಾತ್ರ ಇಲ್ಲ. ಕೊನೆಗೆ ಒಂದು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯೆ, ವೀರ್ಯಾಣು ಹುಟ್ಟಿಸುವ ಕೋಶಗಳೇ ಇಲ್ಲ, ವಯಸ್ಸಿನಿಂದ ಆದ ಹಾಗೆ ಕಾಣುವುದಿಲ್ಲ, ಮೊದಲಿನಿಂದಲೇ ಹೀಗಿದ್ದಿರಬೇಕು ಎಂದರು.

ಮಾವನಿಗೆ ಮಕ್ಕಳಿಲ್ಲ. ಅದಕ್ಕೆ ಅತ್ತೆಯೇ ಕಾರಣ ಎಂದು ನಮ್ಮ ಮನೆಯಲ್ಲಿ ಯಾರೂ ಚರ್ಚೆ ಮಾಡಿ ತೀರ್ಮಾನಿಸಿದ್ದಲ್ಲ, ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಮಾವನಿಗೆ ಇನ್ನೊಂದು ಮದುವೆ ಮಾಡಿ ಎಂದು ಗುಂಡ್ಲುಪೇಟೆ ಕಡೆಯ ನೆಂಟರು ಎಷ್ಟೋ ಸಲ ಬಂದುಹೋದರು. ನಮ್ಮಜ್ಜಿ, ಮಾವನ ಅವ್ವ, ಬದುಕಿರುವವರೆಗೆ ಯಾವ ನಾಮಕರಣದಲ್ಲೂ ಅತ್ತೆಗೆ ತೊಟ್ಟಿಲು ಮುಟ್ಟಲು ಬಿಡಲಿಲ್ಲ. ನನ್ನ ತೊಟ್ಟಿಲನ್ನೂ ಮುಟ್ಟಲು ಬಿಡಲಿಲ್ಲವಂತೆ. ಇಷ್ಟು ಓದಿದ ನಾನೂ ಅದನ್ನೇ ನಂಬಿದ್ದೆ, ನಾಚಿಕೆಯಾಗುತ್ತದೆ.

ಈಗ ಹೇಳಿದರೆ ಕೊಟ್ಟ ಮಾತು ಮುರಿದ ಹಾಗೆ, ಕಾಯಿಲೆಯ ಮಾವನಿಗೆ ಇನ್ನೊಂದು ಪೆಟ್ಟು. ಹೇಳದಿದ್ದರೆ ಅತ್ತೆ ಬಂಜೆ ಎಂಬ ಹೆಸರನ್ನು ಹೊತ್ತೇ ಸಾಯಬೇಕು. ಮಾವನ ಫೋನ್ ಬಂದರೆ ಮೀಟಿಂಗ್ ಎಂದು ಸುಳ್ಳು ಹೇಳಿದೆ. ಒಂದು ತಿಂಗಳು ಹೀಗೆ ತಪ್ಪಿಸಿಕೊಂಡು, ಇನ್ನು ಆಗದೆ ಒಂದು ಭಾನುವಾರ ನೋಡಲು ಹೋದೆ.

ಮಧ್ಯಾಹ್ನವೇ ಮಂಜು ಇಳಿದಿತ್ತು. ಮೂವರೂ ಅಡುಗೆಮನೆಯಲ್ಲಿ ಒಲೆಯ ಹತ್ತಿರ ಕೂತೆವು. ಮಾವ ಟೀ ಲೋಟ ಹಿಡಿದು ಕೇಳಿಯೇಬಿಟ್ಟರು.

"ನಿನ್ ಮಿಷಿನ್ಗೆ ಸಿಕ್ತೇನವ್ವ?"

"ಇಲ್ಲ ಮಾವ. ಸ್ಯಾಂಪಲ್ ಕೆಟ್ಟೋಗಿತ್ತು," ಎಂದೆ. ದಾರಿಯಲ್ಲಿ ಯೋಚಿಸಿಟ್ಟುಕೊಂಡ ಸುಳ್ಳು ಅದು.

ಅತ್ತೆ ತಟ್ಟನೆ ತಿರುಗಿದರು. "ನಂದೇ ತಪ್ಪು ಕಣವ್ವ. ಆಪರೇಸನ್ ದಿನ ಏನೂ ಕುಡಿಸ್ಬ್ಯಾಡಿ ಅಂದಿದ್ರು. ಚಳಿ ಅಂತ ಒಂದ್ ಗುಟುಕು ಮೆಣಸಿನ ಕಷಾಯ ಕುಡ್ಸ್ಬುಟ್ಟೆ. ಅದ್ಕೇ ಕೆಟ್ಟೋಗದೆ."

ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸಿತು. ಆಕೆಯನ್ನು ಉಳಿಸಲು ಏನೂ ಮಾಡದವಳು ಇನ್ನೊಂದು ತಪ್ಪನ್ನೂ ಆಕೆಯ ತಲೆಗೇ ಕಟ್ಟಿದ್ದೆ.

"ಕಷಾಯದಿಂದ ಅಲ್ಲ ಅತ್ತೆ. ನಿಮ್ಮಿಂದ ಏನೂ ಕೆಟ್ಟಿಲ್ಲ. ಯಾವತ್ತೂ."

ಕೊನೆಯ ಮಾತು ಬಾಯಿತಪ್ಪಿ ಬಂದದ್ದೋ ಬೇಕೆಂದೇ ಆಡಿದ್ದೋ ಈಗಲೂ ನನಗೆ ಗೊತ್ತಿಲ್ಲ.

"ಯಾವತ್ತೂ ಅಂದ್ರೆ?" ಎಂದು ಕೇಳಿದರು ಅತ್ತೆ.

ನಾನು ಒಲೆಯ ಉರಿಯತ್ತ ತಿರುಗಿದೆ. ಮಾವ ನನ್ನ ಮುಖವನ್ನೇ ನೋಡಿ ಲೋಟ ಕೆಳಗಿಟ್ಟರು.

"ಮಕ್ಳಾಗ್ದಿರೋದು ನನ್ನಿಂದ್ಲೇ ಅಂತ ನಂಗೆ ಆಗ್ಲೇ ಅನುಮಾನ ಇತ್ತು ಕಣೆ," ಎಂದರು ಹೆಂಡತಿಗೆ. "ಪರೀಕ್ಸೆ ಮಾಡ್ಸ್ಕೊಳಕ್ಕೆ ಹೆದ್ರುಕಂಡೆ."

ಅತ್ತೆ ಅಳಲಿಲ್ಲ. ಸೌದೆ ಹಿಂದಕ್ಕೆಳೆದು ಉರಿ ಸಣ್ಣಗೆ ಮಾಡಿದರು.

"ನಿಮ್ಮವ್ವ ಬದುಕಿದ್ದಾಗ ಹೇಳ್ಬೇಕಾಗಿತ್ತು ಇದ್ನ," ಎಂದರು ಮಾವನಿಗೆ.