ಕುರಿ ಬೆಲೆಯ ಕಂಪ್ಯೂಟರ್

ಒಂದು ಕುರಿಯ ಬೆಲೆಗೆ ಕಂಪ್ಯೂಟರ್ ಎಂದು ಶಹಾಪುರದ ಬಸ್ ನಿಲ್ದಾಣದ ಎದುರು ಒಬ್ಬ ಮೈಕಿನಲ್ಲಿ ಕೂಗುತ್ತಿದ್ದ. ಮೈಕು ಇರಲಿಲ್ಲವೇನೋ, ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಟೇಪು ಸುತ್ತಿದ ಪೆಟ್ಟಿಗೆ ಇದ್ದದ್ದು ಖಾತ್ರಿ.

ಅಕ್ಕ ಸರ್ಕಾರಿ ಕೆಲಸದ ಟೈಪಿಂಗ್ ಪರೀಕ್ಷೆಗೆ ಅರ್ಜಿ ಹಾಕಿದ್ದಳು. ವಯಸ್ಸಿನ ಮಿತಿ ಆ ವರ್ಷಕ್ಕೇ ಮುಗಿಯುತ್ತಿತ್ತು. ಮನೆಗೇ ಕಂಪ್ಯೂಟರ್ ಬರುತ್ತದೆಂದು ಅವಳು ಭೀಮರಾಯನಗುಡಿಯ ಟೈಪಿಂಗ್ ತರಗತಿ ಬಿಟ್ಟಳು.

ಕುರಿ ಸಾಕುವ ಅಪ್ಪ ಪೆಟ್ಟಿಗೆಯನ್ನು ಎತ್ತಿ ನೋಡಿದ.

"ಕುರಿ ಆದ್ರ ಬಾಯಿ ತೆಗದು ಹಲ್ಲು ನೋಡ್ತೀನಿ. ಇದರ ಬಾಯಿ ಎಲ್ಲದ?"

"ಮನಿಗೆ ಒಯ್ದು ತೆಗೀರಿ ಕಾಕಾ. ಇದು ಮೇವೂ ಕೇಳಂಗಿಲ್ಲ," ಎಂದು ಮಾರುವವನು ನಕ್ಕ.

ಇಷ್ಟು ಅಗ್ಗಕ್ಕೆ ಒಳ್ಳೆಯ ಮೊಬೈಲೂ ಬರುವುದಿಲ್ಲ ಎಂದು ನಾನು ಅಲ್ಲೇ ಹೇಳಿದೆನೆಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಅಕ್ಕನ ಪ್ರಕಾರ ನಾನು ಬಾಯಿ ಬಿಡಲಿಲ್ಲ, ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದೆ.

ಅಪ್ಪ ಅದನ್ನು ದೇವರ ಜಗಲಿಯ ಮೇಲಿಟ್ಟ. ನಮ್ಮಲ್ಲಿ ಹೊಸ ವಸ್ತುವಿಗೆ ಅಮಾವಾಸ್ಯೆಯ ದಿನ ಕಾಯಿ ಒಡೆದು, ದೇವರ ಅರಿಸಿನ, ಅಂದರೆ ಭಂಡಾರ, ಹಚ್ಚಿದ ಮೇಲೆಯೇ ಕೈ ಹಾಕುವುದು.

"ಅಪ್ಪಾ, ಅಮಾಸಿಗಿ ಇನ್ನಾ ಹತ್ತು ದಿನ ಅದ," ಅಂದಳು ಅಕ್ಕ.

"ಹತ್ತು ದಿನಕ್ಕ ನಿನ್ನ ಬೆರಳು ಉದುರಿ ಬೀಳ್ತಾವೇನು?"

ಕೆಟ್ಟಿದ್ದರೆ ಏಳು ದಿನದೊಳಗೆ ಹಿಂದಿರುಗಿಸಬೇಕು ಎಂದು ರಸೀದಿಯ ಹಿಂಬದಿಯಲ್ಲಿ ಅಚ್ಚಾಗಿತ್ತು. ರಸೀದಿ ನನ್ನ ಹತ್ತಿರವಿತ್ತು. ಓದಿದ್ದೆ. ದಿನಾ ಆ ಪೆಟ್ಟಿಗೆಯ ಎದುರೇ ಕೂತು ರೊಟ್ಟಿ ತಿಂದೆ. ನನ್ನ ಅನುಮಾನ ನಿಜವಾಗಲೆಂದು ಕಾಯುತ್ತಿದ್ದೆನೆ? ಹಾಗೆ ಬರೆದರೆ ಒಂದು ಕಾರಣವಾದರೂ ಸಿಕ್ಕಂತಾಗುತ್ತದೆ. ಕಾರಣ ಇದ್ದ ನೆನಪಿಲ್ಲ.

ಅಮಾವಾಸ್ಯೆಗೆ ತೆರೆದೆವು. ಪರದೆ ಬೆಳಗಿತು. ಅರ್ಧ ಕೀಲಿಗಳನ್ನು ಎಷ್ಟು ಒತ್ತಿದರೂ ಅಕ್ಷರ ಮೂಡಲಿಲ್ಲ. ಅಪ್ಪ ಇನ್ನೊಮ್ಮೆ ಭಂಡಾರ ಹಚ್ಚಿದ. ಮರುದಿನ ಅಕ್ಕನೂ ನಾನೂ ಅದನ್ನು ಶಹಾಪುರಕ್ಕೆ ಒಯ್ದೆವು.

"ಇಲ್ಲೇ ಬರದದ ನೋಡ್ರಿ ಅಕ್ಕಾರ, ಏಳು ದಿನ," ಎಂದು ಮಾರಿದವನು ರಸೀದಿ ತಿರುಗಿಸಿ ಹಿಡಿದ.

ಅಕ್ಕ ಎರಡು ಸಲ ಓದಿದಳು. ತರಗತಿಯಲ್ಲಿ ಅವಳ ಜಾಗ ಆಗಲೇ ಬೇರೆಯವರಿಗೆ ಹೋಗಿತ್ತು.

ಯಾದಗಿರಿಯಲ್ಲಿ ಪರೀಕ್ಷೆ ಮುಗಿಸಿ ಹೊರಗೆ ಬಂದವಳು, "ಅರ್ಧ ಪುಟಾನೂ ಆಗಲಿಲ್ಲ," ಅಂದಳು. ಊರಿನ ಬಸ್ಸಿನಲ್ಲಿ ಕೂತ ಮೇಲೆ ಕೇಳಿದಳು:

"ಏಳು ದಿನದ್ದು ನೀ ಮದಲೇ ಓದಿದ್ದೇನು?"

"ಓದಿದ್ದೆ."

ಕಂಡಕ್ಟರ್ ಬಂದ. ಅಕ್ಕ ಆಧಾರ್ ಕಾರ್ಡ್ ತೋರಿಸಿ ತನ್ನ ಉಚಿತ ಟಿಕೆಟ್ ಪಡೆದಳು.

"ಇವ್ರು ನಿಮ್ಮ ಜೋಡಿ ಏನ್ರಿ? ಎಲ್ಲಿಗಿ ಕೊಡ್ಲಿ?" ಎಂದು ಅವನು ನನ್ನ ಕಡೆ ಕೈ ಮಾಡಿದ.

"ಅವನಿಗೇ ಕೇಳ್ರಿ," ಅಂದಳು.