ಮೆಟ್ಟಿಲ ಕಡೆ ಮೂತಿ ಮಾಡಿದ ಬೂಟು

ಕಳೆದ ವಾರ ಅಟ್ಟದಿಂದ ಡಬ್ಬಗಳನ್ನು ಇಳಿಸುವಾಗ, ಹಳೆಯ ತಮಿಳು ಪೇಪರಿನಲ್ಲಿ ಸುತ್ತಿ ಗೋಣಿದಾರ ಕಟ್ಟಿದ್ದ ಪೊಟ್ಟಣವೊಂದು ಕೈಗೆ ಸಿಕ್ಕಿತು. ಬಿಚ್ಚುವ ಮೊದಲೇ ವಾಸನೆ ಬಂತು. ಮೇಣ, ಟರ್ಪೆಂಟೈನು, ತೊಗಲು ಮೂರೂ ಸೇರಿದ ಘಾಟು. ಹಳೆಯ ವಾಸನೆ ಮೂಗಿಗೆ ಬಡಿದರೆ ಜನರಿಗೆ ಮನಸ್ಸು ತುಂಬಿ ಬರುತ್ತದಂತೆ. ನನಗೆ ಮೈ ಉರಿಯಿತು. ಪೊಟ್ಟಣವನ್ನು ತಂದು ಊಟದ ಮೇಜಿನ ಮೇಲೆ ಇಟ್ಟು, ಅದರ ಎದುರು ಸುಮ್ಮನೆ ಕುಳಿತೆ.

ಆಗ ನಾವು ಜೀವನ್ ಬಿಮಾ ನಗರದಲ್ಲಿ, ಲಿಫ್ಟ್ ಇಲ್ಲದ ಹಳೆಯ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಭಾನುವಾರ ಬೆಳಿಗ್ಗೆ ಹಲಸೂರಿನಿಂದ ಬೂಟ್ ಪಾಲಿಶ್ ಮಾಡುವ ಮುದುಕರೊಬ್ಬರು ಬರುತ್ತಿದ್ದರು. ಎಲ್ಲರೂ ತಾತ ಎನ್ನುತ್ತಿದ್ದೆವು, ಏಕವಚನದಲ್ಲೇ ಮಾತಾಡಿಸುತ್ತಿದ್ದೆವು. ಈಗ ಬಹುವಚನ ಹಾಕಿ ಬರೆಯುತ್ತಿದ್ದೇನೆ. ಸತ್ತವರಿಗೆ ಮರ್ಯಾದೆ ಕೊಡುವುದಕ್ಕೆ ಧೈರ್ಯ ಬೇಕಾಗಿಲ್ಲವಲ್ಲ.

ಅವರು ಯಾರ ಮನೆಯ ಬೆಲ್ಲನ್ನೂ ಒತ್ತಿದವರಲ್ಲ. ಭಾನುವಾರದ ಹೊತ್ತು, ಜನ ಮಲಗಿರುತ್ತಾರೆ ಅನ್ನುವ ಸಂಕೋಚ. ಅದಕ್ಕೇ ಒಂದು ಪದ್ಧತಿ ಬೆಳೆದುಬಂದಿತ್ತು. ಬಾಗಿಲ ಹೊರಗೆ ಬಿಟ್ಟ ಬೂಟಿನ ಮೂತಿ ಮನೆಯ ಕಡೆ ಇದ್ದರೆ ಮುಟ್ಟಬಾರದು. ಮೆಟ್ಟಿಲ ಕಡೆ ಇದ್ದರೆ ಪಾಲಿಶಿಗೆ. ತಾತ ಸದ್ದಿಲ್ಲದೆ ಹತ್ತಿ ಬಂದು, ಮೆಟ್ಟಿಲ ಕಡೆ ನೋಡುವ ಬೂಟುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಸೋಮವಾರ ನಾವು ಆಫೀಸಿಗೆ ಹೊರಡುವಷ್ಟರಲ್ಲಿ ಬೂಟು ಬಾಗಿಲಲ್ಲಿರುತ್ತಿತ್ತು.

"ಇಲ್ಲೇ ಕೂತು ಮಾಡಿಕೊಡು ತಾತ, ಯಾಕೆ ಹೊತ್ಕೊಂಡು ಹೋಗ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ಗೋಡೆಗೆ ಬಣ್ಣ ಬಳ್ದಂಗಲ್ಲ ಸಾಮಿ. ತೊಗಲು ಪಾಲಿಶ್ ಕುಡೀಬೇಕು. ಅದು ನಿಧಾನಕ್ಕೇ ಕುಡಿಯೋದು," ಅಂದಿದ್ದರು.

ಬೈಕ್ ಓಡಿಸುವವರಿಗೆ ಗೊತ್ತಿರುತ್ತದೆ, ಗೇರ್ ಎತ್ತಿ ಎತ್ತಿ ಎಡಗಾಲಿನ ಬೂಟಿನ ಮೂತಿ ಸವೆದು ಬೆಳ್ಳಗಾಗುತ್ತದೆ. ಬೇರೆಯವರು ಅದರ ಮೇಲೆ ಕಪ್ಪು ಬಳಿದು ಕೊಡುತ್ತಾರೆ, ಒಂದು ಮಳೆಗೆ ಬಣ್ಣ ಬಿಡುತ್ತದೆ. ತಾತ ಮೊದಲು ಒದ್ದೆ ಬಟ್ಟೆಯಲ್ಲಿ ಹಳೆಯ ಪಾಲಿಶನ್ನೆಲ್ಲ ತೆಗೆದು, ನುಣುಪು ಉಪ್ಪುಕಾಗದದಲ್ಲಿ ಗೀರಿನ ಅಂಚನ್ನು ತೀಡಿ, ಚಮಚದಲ್ಲಿ ಕರಗಿಸಿದ ಮೇಣಕ್ಕೆ ಬಣ್ಣ ಬೆರೆಸಿ ಆ ಹಳ್ಳಕ್ಕೆ ತುಂಬುತ್ತಿದ್ದರು. ಆರಿದ ಮೇಲೆ ತೀಡಿ, ಕ್ರೀಮು ಸವರಿ, ರಾತ್ರಿಯಿಡೀ ಬಿಡುತ್ತಿದ್ದರು. ಕೊನೆಗೆ ಬೆರಳೆರಡಕ್ಕೆ ಬಟ್ಟೆ ಸುತ್ತಿ, ನೀರಿನ ಹನಿ ಮುಟ್ಟಿಸಿ, ಸಣ್ಣ ಸಣ್ಣ ಸುತ್ತಾಗಿ ಉಜ್ಜುವುದು. ಅವರಪ್ಪ ಪರೇಡಿಗೆ ಹೋಗುವ ಸಿಪಾಯಿಗಳ ಬೂಟು ಮಾಡುತ್ತಿದ್ದರಂತೆ. ಅವರಿಂದ ಕಲಿತದ್ದು.

ಬರಬರುತ್ತಾ ಹಳೆಯ ಸಂಸಾರಗಳು ಬಿಟ್ಟು ಹೋದವು. ಹೊಸಬರದ್ದೆಲ್ಲ ಬಟ್ಟೆಯ ಶೂ. ತಾತನಿಗೆ ಬೂಟು ಕೊಡುವವರು ಇಬ್ಬರೇ ಉಳಿದೆವು, ನಾನು ಮತ್ತು ಕೆಳಮನೆಯ ರಿಟೈರ್ಡ್ ಆಫೀಸರು. ಆ ಪದ್ಧತಿ ಗೊತ್ತಿದ್ದದ್ದೂ ನಮ್ಮಿಬ್ಬರ ಮನೆಗೇ.

ಆ ವರ್ಷ ನಮ್ಮ ಎದುರು ಮನೆಗೆ ಹೊಸಬನೊಬ್ಬ ಬಂದ. ಅಸೋಸಿಯೇಷನ್ ಅಧ್ಯಕ್ಷರ ಅಳಿಯ. ಆ ಅಧ್ಯಕ್ಷರೇ ನಮ್ಮ ಮನೆಯ ಓನರು ಕೂಡ. ಒಂದು ಶನಿವಾರ ಸಂಜೆ ನಾನು ಮೇಲೆ ಬಂದಾಗ ಅಳಿಯನ ಕಂದು ಬೂಟುಗಳು ಮೆಟ್ಟಿಲಿಗೆ ಅಡ್ಡವಾಗಿ ದಿಕ್ಕಿಗೊಂದರಂತೆ ಬಿದ್ದಿದ್ದವು. ಯಾರಾದರೂ ಎಡವುತ್ತಾರೆಂದು ಎತ್ತಿ ಅವನ ಬಾಗಿಲ ಪಕ್ಕದಲ್ಲಿ ಜೋಡಿಸಿಟ್ಟೆ. ಆಮೇಲೆ ನನ್ನ ಕಪ್ಪು ಬೂಟನ್ನು ನನ್ನ ಬಾಗಿಲಲ್ಲಿಟ್ಟೆ. ಎರಡು ಜೊತೆಯನ್ನೂ ಕೈ ಅಭ್ಯಾಸದಂತೆ ಒಂದೇ ರೀತಿ ಇಟ್ಟಿತ್ತು... ಮೂತಿ ಮೆಟ್ಟಿಲ ಕಡೆ.

ಭಾನುವಾರ ಅಳಿಯ ಯಾವುದೋ ಮದುವೆಗೆ ಹೊರಟಾಗ ಬೂಟಿಲ್ಲ. ಇಡೀ ಬಿಲ್ಡಿಂಗಿಗೆ ಕೇಳಿಸುವಂತೆ ಕೂಗಾಡಿದ. ಆಗಷ್ಟೇ ಮಹಡಿ ಮಹಡಿಗೂ ಕ್ಯಾಮೆರಾ ಹಾಕಿಸಿದ್ದರು. ಮಾವ ಅಳಿಯ ಕೂತು ನೋಡಿದರು: ತಾತ ಬರುತ್ತಾರೆ, ಬಗ್ಗುತ್ತಾರೆ, ಎರಡು ಜೊತೆ ಬೂಟು ಚೀಲಕ್ಕೆ ಹಾಕುತ್ತಾರೆ. ಅಷ್ಟು ಸಾಕಾಯಿತು ಅವರಿಗೆ. ಹಿಂದಿನ ಸಂಜೆಯವರೆಗೆ ವಿಡಿಯೋ ಹಿಂದಕ್ಕೆ ಓಡಿಸಿದ್ದರೆ ನಾನೂ ಕಾಣುತ್ತಿದ್ದೆ. ಯಾರೂ ಓಡಿಸಲಿಲ್ಲ.

ಸೋಮವಾರ ನಾನು ಇಳಿದು ಬರುವಾಗ ಗೇಟಿನಲ್ಲಿ ಜನ. ನಡುವೆ ತಾತ, ಎದೆಗೆ ಆನಿಸಿ ಹಿಡಿದ ಕಂದು ಬೂಟು.

"ಕ್ಯಾಮೆರಾದಲ್ಲಿ ಎಲ್ಲಾ ಇದೆ ಕಣಯ್ಯಾ. ಸಿಕ್ಕಿಬೀಳ್ತೀನಿ ಅಂತ ಗೊತ್ತಾಗಿ ವಾಪಸ್ ತಂದಿದೀಯ," ಎಂದು ಅಧ್ಯಕ್ಷರು ಗುಡುಗುತ್ತಿದ್ದರು.

"ಬೂಟ್ ಮೆಟ್ಲು ಕಡೆ ನೋಡ್ತಾ ಇತ್ತು ಸಾಮಿ, ಅದಕ್ಕೇ ತಗೊಂಡೋದೆ. ನೋಡಿ, ಗೀರೆಲ್ಲಾ ತೆಗ್ದಿದೀನಿ."

"ಬೂಟು ನೋಡುತ್ತಂತೆ!" ಎಂದ ಅಳಿಯ. ಎಲ್ಲರೂ ನಕ್ಕರು.

ತಾತ ನನ್ನನ್ನು ಕಂಡರು. ಮುಖ ಅರಳಿತು. ಆ ಮುಖವನ್ನು ನಾನು ಇವತ್ತಿಗೂ... "ಈ ಸಾಮೀನ ಕೇಳಿ, ಅವ್ರಿಗೆ ಗೊತ್ತು. ಹೇಳಿ ಸಾಮಿ."

ಮುಂದಿನ ತಿಂಗಳು ನಮ್ಮ ಬಾಡಿಗೆ ಅಗ್ರಿಮೆಂಟ್ ಮುಗಿಯುತ್ತಿತ್ತು. ಮಗಳ ಸ್ಕೂಲು ಎರಡು ರಸ್ತೆ ಆಚೆ. ಆ ಕ್ಷಣಕ್ಕೆ ತಲೆಯಲ್ಲಿ ಓಡಿದ್ದು ಇಷ್ಟೇ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

"ನಾನು ಅಷ್ಟಾಗಿ ಮನೇಲಿ ಇರಲ್ಲ ಸಾರ್," ಎಂದೆ. "ಬೂಟೆಲ್ಲಾ ನಮ್ಮ ಮನೆಯವಳೇ ನೋಡ್ಕೋತಾಳೆ. ನನಗೆ ಗೊತ್ತಿಲ್ಲ."

ಹೇಡಿ. ಹೆಂಡತಿಯ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡ ಹೇಡಿ. ತಾತ ಬೂಟನ್ನು ವಾಚ್‌ಮನ್ ಕುರ್ಚಿಯ ಪಕ್ಕ ಇಟ್ಟು ಹೊರಟುಹೋದರು. ಇಡುವಾಗಲೂ ಮೂತಿ ಮಣ್ಣಿಗೆ ತಾಗದಂತೆ ಇಟ್ಟರು.

ಸಂಜೆಯೊಳಗೆ ಕ್ಯಾಮೆರಾದ ಫೋಟೋ ಸುತ್ತಮುತ್ತಲಿನ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗ್ರೂಪುಗಳಿಗೆಲ್ಲ ಹೋಯಿತು. ಗೇಟುಗಳ ಮೇಲೆ ಅಂಟಿಸಿದರು: ಈ ವ್ಯಕ್ತಿಯನ್ನು ಒಳಗೆ ಬಿಡಬೇಡಿ. ಮಾರನೆಯ ದಿನ ಅಳಿಯ ಅದೇ ಬೂಟು ಮೆಟ್ಟಿಕೊಂಡು ಟಕಟಕ ಇಳಿದು ಹೋದ. ಕನ್ನಡಿಯಂತೆ ಹೊಳೆಯುತ್ತಿತ್ತು ದರಿದ್ರದ್ದು. ಕಳ್ಳ ಯಾರಾದರೂ ಕದ್ದ ಮಾಲಿನ ಗೀರು ತೆಗೆದು ತಂದುಕೊಡುತ್ತಾನೆಯೇ ಎಂದು ಅಷ್ಟು ಓದಿದ ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ನಾನೂ ಆ ಗ್ರೂಪಿನಲ್ಲಿದ್ದೆ. ಒಂದು ಸಾಲು ಬರೆಯಬಹುದಿತ್ತು.

ಮಗಳ ಮನೆಗೆ ಹೋಗಿದ್ದ ಕೆಳಮನೆಯ ಆಫೀಸರು ತಿಂಗಳ ನಂತರ ಬಂದರು. ವಿಷಯ ಕೇಳಿ ಮೂರು ಮಹಡಿ ಏದುಸಿರು ಬಿಡುತ್ತಾ ಹತ್ತಿ ಬಂದು, "ನೀವು ಅಲ್ಲೇ ಇದ್ರಲ್ಲ ರೀ?" ಎಂದರು. ಅದೇ ಕೊನೆ, ನನ್ನೊಡನೆ ಮತ್ತೆ ಮಾತಾಡಲಿಲ್ಲ.

ಯಾವ ಅಗ್ರಿಮೆಂಟಿಗಾಗಿ ಬಾಯಿ ಮುಚ್ಚಿಕೊಂಡೆನೋ ಅದು ಹನ್ನೊಂದು ತಿಂಗಳು ಬಾಳಿತು. ಆಮೇಲೆ ಅಧ್ಯಕ್ಷರು ಮನೆ ರಿಪೇರಿ ಮಾಡಿಸಬೇಕೆಂದು ನಮ್ಮಿಂದ ಖಾಲಿ ಮಾಡಿಸಿದರು. ಟಿನ್ ಫ್ಯಾಕ್ಟರಿ ಕಡೆಯ ಹೊಸ ಬಾಡಿಗೆ ಮನೆಗೆ ಸಾಮಾನು ಸಾಗಿಸುವ ಹಿಂದಿನ ದಿನ, ಏನು ಹೊಳೆಯಿತೋ, ಹಲಸೂರಿಗೆ ಹೋದೆ. ಮಾರ್ಕೆಟ್ಟಿನ ಹಿಂದೆ ನಾಲ್ಕು ಕಡೆ ಕೇಳಿ ಮನೆ ಹುಡುಕಿದೆ. ಬಾಗಿಲು ತೆರೆದದ್ದು ಅವರ ಹೆಂಡತಿ. ತಾತ ತೀರಿಹೋಗಿ ಎರಡು ತಿಂಗಳಾಗಿತ್ತು.

"ಮೂರನೇ ಮಹಡಿ ಸಾಮಿನಾ?" ಎಂದು ಕೇಳಿ ಒಳಗಿನಿಂದ ಈ ಪೊಟ್ಟಣ ತಂದರು. ಆ ಭಾನುವಾರ ಒಯ್ದಿದ್ದ ನನ್ನ ಬೂಟು. "ಗೀರು ಆಳ ಇದೆ, ಇನ್ನೊಂದ್ ದಿನ ಬೇಕು ಅಂತ ಅವತ್ತು ತರ್ಲಿಲ್ಲ ಅವ್ರು. ಆಮೇಲೆ ಕೊಡಕ್ಕೆ ಎರಡ್ ಸಲ ಬಂದ್ರು, ಗೇಟಲ್ಲಿ ಬಿಡ್ಲಿಲ್ಲ. ತೊಗಲು ಒಣಗಿ ಸೀಳುತ್ತೆ ಅಂತ ವಾರ ವಾರ ತೆಗ್ದು ಒರ್ಸಿ ಇಡ್ತಾ ಇದ್ರು."

"ಬೇರೆ ಕಡೆ ಕೆಲಸ ಮಾಡ್ತಿದ್ರಾ?"

"ಇಲ್ಲ ಸಾಮಿ. ಆ ಬೂಟ್ ಮೂತಿ ಮನೆ ಕಡೇನೇ ಇತ್ತೋ ಏನೋ, ನಾನೇ ತಪ್ಪಾಗಿ ನೋಡ್ಬಿಟ್ಟೆ, ನನ್ ಕಣ್ಣು ಹೋಗಿದೆ ಅಂತಿದ್ರು. ಬೇರೆಯವ್ರ ಬೂಟ್ ಮುಟ್ಟಕ್ಕೇ ಹೆದರ್ತಿದ್ರು. ಪಾಲಿಶ್ ಪೆಟ್ಟಿಗೆ ಎತ್ತಿಟ್ಬಿಟ್ರು."

ಆಗಲಾದರೂ ಹೇಳಬಹುದಿತ್ತು. ಆ ತಾಯಿ ನನಗೆ ಕಾಫಿ ಮಾಡಿಕೊಟ್ಟರು. ಕುಡಿದು, ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ಬಂದುಬಿಟ್ಟೆ... ಮರುದಿನ ಹೊಸ ಮನೆಗೆ ಬಂದವನೇ ಅದನ್ನು ಅಟ್ಟಕ್ಕೆ ಎಸೆದೆ.

"ಊಟದ ಟೇಬಲ್ ಮೇಲೆ ಬೂಟಾ ರೀ?" ಎಂದಳು ಕಳೆದ ವಾರ ಮೇಜಿನ ಬಳಿ ಬಂದ ಹೆಂಡತಿ. ಅಷ್ಟರಲ್ಲಿ ನಾನು ದಾರ ಬಿಚ್ಚಿದ್ದೆ. ಹೊಳಪು ಮಾಸಿತ್ತು, ಹೊಲಿಗೆಯ ಗುಂಟ ಬಿಳಿ ಬೂಷ್ಟು ಹಿಡಿದಿತ್ತು. ಎಡಗಾಲಿನ ಮೂತಿಯನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡಿದೆ. ಗೇರಿನ ಗೀರು ಎಲ್ಲಿತ್ತೆಂದು ತಿಳಿಯಲಿಲ್ಲ.

ಅವಳಿಗೆ ಗುರುತು ಸಿಕ್ಕಿತು. ಬೂಟು ಹಲಸೂರಿನಿಂದ ಬಂದ ಕಥೆಯನ್ನು ಇಷ್ಟು ವರ್ಷದ ಮೇಲೆ ಹೇಳಿದೆ. "ಪಾಪ, ತಾತನ ಕಣ್ಣು ನಿಜವಾಗ್ಲೂ ಮಂಜಾಗಿತ್ತು ಅನ್ಸುತ್ತೆ," ಎಂದಳು.

"ಇಲ್ಲ," ಎಂದೆ. "ಅವರ ಕಣ್ಣು ಸರಿಯಾಗೇ ಇತ್ತು. ಎದುರುಮನೆಯವನ ಬೂಟನ್ನ ಹಾಗೆ ಇಟ್ಟಿದ್ದು ನಾನು."

ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವಳು ಬೂಟುಗಳನ್ನು ಎತ್ತಿಕೊಂಡು ಹೋಗಿ, ಬಾಗಿಲ ಹೊರಗೆ, ಮುಟ್ಟಬಾರದ ಬೂಟಿನ ಹಾಗೆ, ಮೂತಿ ಮನೆಯ ಕಡೆ ಮಾಡಿ ಇಟ್ಟು ಬಂದಳು.